ರಕ್ತ ಗಟ್ಟಿಯಾದರೆ ಸಕ್ಕರೆ ಕಾಯಿಲೆ ಬರುತ್ತದೆಯೇ?



ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲದ ಕಡೆ ಯಾವ ಮನೆಗೆ ಹೋದರೂ ಕ್ಷೇಮ ಸಮಾಚಾರ ಮುಗಿದ ಮೇಲೆ ಕಾಯಿಲೆಯ ಮಾತು ಬರುತ್ತದೆ. ಆ ಮಾತಿನಲ್ಲಿ ಎರಡು ಸಂಗತಿಗಳು ತಪ್ಪದೆ ಇರುತ್ತವೆ. ಒಂದು, "ಮನೆಯವರಿಗೆ ಶುಗರ್ ಬಂದಿದೆ." ಇನ್ನೊಂದು, "ನನಗೆ ರಕ್ತ ಗಟ್ಟಿಯಾಗಿದೆಯಂತೆ." ಕಾಲು ಜೋಮು ಹಿಡಿದರೆ ರಕ್ತ ಗಟ್ಟಿ, ತಲೆ ಸುತ್ತಿದರೆ ರಕ್ತ ಗಟ್ಟಿ, ಸೂಜಿ ಚುಚ್ಚಿದಾಗ ರಕ್ತ ಸರಿಯಾಗಿ ಬಾರದಿದ್ದರೂ ರಕ್ತ ಗಟ್ಟಿ! ಈಚೆಗೆ ಎರಡನ್ನೂ ಒಟ್ಟಿಗೆ ಸೇರಿಸಿ ಕೇಳುವವರು ಹೆಚ್ಚಾಗಿದ್ದಾರೆ: "ಫಾದರ್, ರಕ್ತ ಗಟ್ಟಿಯಾದರೆ ಶುಗರ್ ಬರುತ್ತದಂತೆ, ನಿಜವೇ?"

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಇದರಲ್ಲಿ ಸತ್ಯದ ಒಂದು ಅಂಶವಿದೆ, ಅದಕ್ಕೆ ವೈದ್ಯಕೀಯ ಅಧ್ಯಯನದ ಆಧಾರವೂ ಇದೆ. ಆದರೆ ಅರ್ಧ ಸತ್ಯ ಮನೆಯೊಳಗೆ ಬಂದಾಗ ಪೂರ್ತಿ ಸುಳ್ಳಿಗಿಂತ ಹೆಚ್ಚು ಹಾನಿ ಮಾಡುವುದುಂಟು. ನಾನು ವೈದ್ಯನಲ್ಲ. ವೈದ್ಯರು ಕಂಡುಕೊಂಡಿರುವುದನ್ನು ಓದಿ ತಿಳಿದು, ನಮ್ಮ ಕುಟುಂಬಗಳಿಗೆ ಅರ್ಥವಾಗುವಂತೆ ಇಲ್ಲಿ ಹೇಳುತ್ತಿದ್ದೇನೆ.

ರಕ್ತದ ಮಂದತೆ ಎಂದರೇನು?

ನಮ್ಮ ಅಡುಗೆಮನೆಯಲ್ಲಿಯೇ ಇದಕ್ಕೆ ಉದಾಹರಣೆ ಇದೆ. ರಾಗಿ ಅಂಬಲಿಯನ್ನು ಲೋಟದಿಂದ ಲೋಟಕ್ಕೆ ಸುರಿಯಬಹುದು. ಅದೇ ಅಂಬಲಿಗೆ ಇನ್ನೆರಡು ಹಿಡಿ ಹಿಟ್ಟು ಸೇರಿಸಿ ಕುದಿಸಿದರೆ ಅದು ನಿಧಾನವಾಗಿ ಜಾರುತ್ತದೆ. ದ್ರವವೊಂದು ಹರಿಯಲು ಎಷ್ಟು ತಡೆ ಒಡ್ಡುತ್ತದೆಯೋ ಅದೇ ಅದರ ಮಂದತೆ. ನಮ್ಮ ರಕ್ತವು ಆರೋಗ್ಯವಾಗಿರುವಾಗಲೂ ನೀರಿಗಿಂತ ಸುಮಾರು ಮೂರು ನಾಲ್ಕು ಪಟ್ಟು ಮಂದ. ಆದ್ದರಿಂದ "ರಕ್ತ ನೀರಿನಂತೆ ತೆಳುವಾಗಿರಬೇಕು" ಎಂಬುದೇ ತಪ್ಪು ಆಸೆ.

ರಕ್ತವನ್ನು ಮಂದವಾಗಿಸುವ ಮುಖ್ಯ ಸಂಗತಿಗಳು ಮೂರು. ಮೊದಲನೆಯದು ಕೆಂಪು ರಕ್ತಕಣಗಳ ಪ್ರಮಾಣ. ಪ್ರಯೋಗಶಾಲೆಯ ಚೀಟಿಯಲ್ಲಿ ಹಿಮೊಗ್ಲೋಬಿನ್ ಪಕ್ಕದಲ್ಲಿ ಹೆಮಟೋಕ್ರಿಟ್ ಅಥವಾ ಪಿಸಿವಿ ಎಂದು ಬರೆದಿರುತ್ತಾರಲ್ಲ, ಅದು ಒಟ್ಟು ರಕ್ತದಲ್ಲಿ ಕಣಗಳು ಎಷ್ಟು ಪಾಲು ಎಂಬುದನ್ನು ತೋರಿಸುತ್ತದೆ. ಗಂಡಸರಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ 40ರಿಂದ 50, ಹೆಂಗಸರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಎರಡನೆಯದು ರಕ್ತದ ನೀರಿನಂಥ ಭಾಗದಲ್ಲಿ ಕರಗಿರುವ ಪ್ರೋಟೀನುಗಳು, ಅದರಲ್ಲೂ ಫೈಬ್ರಿನೋಜನ್. ದೇಹದಲ್ಲಿ ಒಳಗಿಂದೊಳಗೆ ಉರಿಯೂತವಿದ್ದರೆ, ಬೀಡಿ ಸಿಗರೇಟು ಸೇದಿದರೆ, ಬೊಜ್ಜು ಬಂದರೆ ಇದು ಏರುತ್ತದೆ. ಮೂರನೆಯದು ಕೆಂಪು ಕಣಗಳು ಎಷ್ಟು ಬಾಗಬಲ್ಲವು ಎಂಬುದು. ನಮ್ಮ ಅತಿ ಸಣ್ಣ ರಕ್ತನಾಳಗಳಲ್ಲಿ ಎಷ್ಟೋ ನಾಳಗಳು ಕೆಂಪು ಕಣಕ್ಕಿಂತಲೂ ಕಿರಿದಾಗಿರುತ್ತವೆ. ಇಕ್ಕಟ್ಟಾದ ಬಾಗಿಲಲ್ಲಿ ನಾವು ಮೈ ಓರೆ ಮಾಡಿ ನುಸುಳುವಂತೆ, ಕಣಗಳೂ ಬಾಗಿ, ಮಡಚಿಕೊಂಡು ಸಾಗಬೇಕು. ಬಾಗುವ ಗುಣ ಕಳೆದುಕೊಂಡ ಕಣ ಅಲ್ಲಿ ತಡೆಯುತ್ತದೆ.

12,881 ಜನರಲ್ಲಿ ಕಂಡದ್ದು

ರಕ್ತದ ಮಂದತೆಗೂ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ದೊಡ್ಡ ಪ್ರಮಾಣದಲ್ಲಿ ನೋಡಿದ್ದು ಅಮೆರಿಕದಲ್ಲಿ. ಅಲ್ಲಿನ ನಾಲ್ಕು ಊರುಗಳ ಜನರನ್ನು ವರ್ಷಗಟ್ಟಲೆ ಗಮನಿಸಿದ 'ಆರಿಕ್' ಎಂಬ ಹೆಸರುವಾಸಿ ಅಧ್ಯಯನವೊಂದಿದೆ. 45ರಿಂದ 64 ವರ್ಷದೊಳಗಿನ, ಆರಂಭದಲ್ಲಿ ಸಕ್ಕರೆ ಕಾಯಿಲೆ ಇಲ್ಲದಿದ್ದ 12,881 ಮಂದಿಯ ವಿವರಗಳನ್ನು 1987ರಿಂದ 1998ರವರೆಗೆ ಪರಿಶೀಲಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ತದ ಮಂದತೆಗೆ ಅನುಗುಣವಾಗಿ ಜನರನ್ನು ನಾಲ್ಕು ಗುಂಪು ಮಾಡಿದಾಗ, ಎಲ್ಲರಿಗಿಂತ ಮಂದ ರಕ್ತವಿದ್ದ ಗುಂಪಿನವರಿಗೆ ಎಲ್ಲರಿಗಿಂತ ತೆಳು ರಕ್ತವಿದ್ದ ಗುಂಪಿನವರಿಗಿಂತ ಎರಡನೇ ಬಗೆಯ ಸಕ್ಕರೆ ಕಾಯಿಲೆ ಬರುವ ಸಂಭವ ನೂರಕ್ಕೆ ಅರವತ್ತಕ್ಕೂ ಹೆಚ್ಚು ಅಧಿಕವಾಗಿತ್ತು. ಈ ಕಾಯಿಲೆಗೆ ಕಾರಣವೆಂದು ಮೊದಲೇ ತಿಳಿದಿದ್ದ ಇತರ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಮಂದತೆ ಏರಿದಂತೆ ಸಂಭವವೂ ಮೆಟ್ಟಿಲು ಮೆಟ್ಟಿಲಾಗಿ ಏರಿತು.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಆ ಸಂಶೋಧಕರು ರಕ್ತವನ್ನು ಯಂತ್ರದಲ್ಲಿ ಹರಿಸಿ ಮಂದತೆಯನ್ನು ಅಳೆಯಲಿಲ್ಲ. ಹೆಮಟೋಕ್ರಿಟ್ ಮತ್ತು ರಕ್ತದ ಪ್ರೋಟೀನ್ ಪ್ರಮಾಣ, ಈ ಎರಡನ್ನು ಸೂತ್ರಕ್ಕೆ ಹಾಕಿ ಲೆಕ್ಕ ಮಾಡಿದರು. ಆದ್ದರಿಂದ "ರಕ್ತದ ಗಟ್ಟಿತನ ನೋಡುವ ವಿಶೇಷ ಟೆಸ್ಟ್ ಎಲ್ಲಿ ಮಾಡುತ್ತಾರೆ?" ಎಂದು ಬೆಂಗಳೂರಿನವರೆಗೆ ಹುಡುಕಿಕೊಂಡು ಹೋಗಿ ಹಣ ಸುರಿಯುವ ಅಗತ್ಯ ಯಾರಿಗೂ ಇಲ್ಲ.

ನಂಟು ಹೇಗೆ?

ನಮ್ಮ ರೈತರಿಗೆ ಇದನ್ನು ವಿವರಿಸುವುದು ಸುಲಭ. ಗುಲಾಬಿ ಅಥವಾ ಟೊಮೆಟೊ ತೋಟದ ಹನಿ ನೀರಾವರಿಯನ್ನು ನೆನಪಿಸಿಕೊಳ್ಳಿ. ದೊಡ್ಡ ಪೈಪಿನಲ್ಲಿ ನೀರು ಚೆನ್ನಾಗಿಯೇ ಬರುತ್ತಿರುತ್ತದೆ. ಆದರೆ ಕಸ ಸೇರಿದರೆ, ಗೊಬ್ಬರ ಸರಿಯಾಗಿ ಕರಗದಿದ್ದರೆ, ಸಾಲಿನ ತುದಿಯ ಗಿಡಗಳಿಗೆ ನೀರು ತಲುಪುವುದಿಲ್ಲ. ಮೋಟಾರು ಮಾತ್ರ ಒಂದೇ ಸಮನೆ ಓಡುತ್ತಿರುತ್ತದೆ.

ಊಟವಾದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳಬೇಕಾದುದು ನಮ್ಮ ಮಾಂಸಖಂಡಗಳು. ಹೀರಿಕೊಳ್ಳಲು ಇನ್ಸುಲಿನ್ ಎಂಬ ಕೀಲಿಕೈ ಬೇಕು. ಸಕ್ಕರೆಯೂ ಇನ್ಸುಲಿನ್ನೂ ಮಾಂಸಖಂಡ ತಲುಪುವುದು ಅತಿ ಸಣ್ಣ ನಾಳಗಳ ಮೂಲಕ. ರಕ್ತ ಮಂದವಾಗಿ ಅಲ್ಲಿ ಹರಿವು ಕುಂಠಿತವಾದರೆ ಎರಡೂ ಸಾಕಷ್ಟು ತಲುಪುವುದಿಲ್ಲ. ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ತೋಟದ ಮೋಟಾರಿನಂತೆ ಅದೂ ವರ್ಷಗಟ್ಟಲೆ ಅತಿಯಾಗಿ ದುಡಿದು ಒಂದು ದಿನ ಸೋಲುತ್ತದೆ. ಹೀಗಾಗುತ್ತಿರಬಹುದು ಎಂಬುದು ವಿಜ್ಞಾನಿಗಳ ವಿವರಣೆ.

ಕಾರಣವೋ, ಮುನ್ಸೂಚನೆಯೋ?

ಮೋಡ ಕವಿದ ಮೇಲೆ ಮಳೆ ಬರುತ್ತದೆ, ಆಗ ಇರುವೆಗಳೂ ಸಾಲಾಗಿ ಹೊರಡುತ್ತವೆ. ಇರುವೆಯಿಂದ ಮಳೆ ಬಂತೆಂದು ಯಾರೂ ಹೇಳುವುದಿಲ್ಲ. ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ಆರಿಕ್ ಅಧ್ಯಯನ ತೋರಿಸಿದ್ದು ನಂಟನ್ನು ಮಾತ್ರ. ರಕ್ತ ಮಂದವಾದದ್ದರಿಂದಲೇ ಕಾಯಿಲೆ ಬಂತೆಂದು ಅದು ಸಾಬೀತು ಮಾಡಲಿಲ್ಲ.

ಹೊಟ್ಟೆಯ ಬೊಜ್ಜು, ಧೂಮಪಾನ, ಮೈ ಬಗ್ಗಿಸದ ಜೀವನ ಇವು ರಕ್ತವನ್ನೂ ಮಂದ ಮಾಡುತ್ತವೆ, ಸಕ್ಕರೆ ಕಾಯಿಲೆಯನ್ನೂ ತರುತ್ತವೆ. ಹಾಗೆಯೇ ಕಾಯಿಲೆ ಬಂದ ಮೇಲೆ ಅದೇ ರಕ್ತವನ್ನು ಇನ್ನಷ್ಟು ಮಂದ ಮಾಡುತ್ತದೆ. ಹೆಚ್ಚಿದ ಸಕ್ಕರೆಯಿಂದ ಕೆಂಪು ಕಣಗಳು ಬಿರುಸಾಗುತ್ತವೆ. ಪದೇ ಪದೇ ಮೂತ್ರ ಹೋಗಿ ದೇಹದ ನೀರು ಕಡಿಮೆಯಾಗುತ್ತದೆ.

ಇನ್ನೊಂದು ಸಂಗತಿ ಸ್ವಾರಸ್ಯಕರವಾಗಿದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಹೆಚ್ಚುವರಿ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಇವನ್ನು ತೆಗೆದುಕೊಂಡವರ ಹೆಮಟೋಕ್ರಿಟ್ ಸ್ವಲ್ಪ ಏರುತ್ತದೆ. ಅಂದರೆ ಲೆಕ್ಕದ ಪ್ರಕಾರ ರಕ್ತ ಮಂದವಾಗಬೇಕು. ಆದರೂ ಈ ಮಾತ್ರೆಗಳು ಹೃದಯವನ್ನೂ ಮೂತ್ರಪಿಂಡವನ್ನೂ ಕಾಪಾಡುತ್ತವೆಂದು ದೊಡ್ಡ ಪರೀಕ್ಷೆಗಳಲ್ಲಿ ಸಿದ್ಧವಾಗಿದೆ. ಮಂದತೆಯೊಂದನ್ನೇ ಶತ್ರುವೆಂದು ಹಿಡಿದು ಹೊಡೆಯಲು ಹೊರಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಮಂದ ರಕ್ತವು ನಮ್ಮ ದೇವಾಲಯದ ಮೊದಲ ಗಂಟೆಯಂತೆ. ಗಂಟೆ ಹೊಡೆದಾಗ ನಾವು ಗಂಟೆಯ ಬಾಯಿಗೆ ಬಟ್ಟೆ ತುರುಕುವುದಿಲ್ಲ, ಎದ್ದು ಹೊರಡುತ್ತೇವೆ.

ಮೂರು ತಪ್ಪು ದಾರಿಗಳು

ಮೊದಲನೆಯದನ್ನು ಬಹಳ ಕಳಕಳಿಯಿಂದ ಬರೆಯುತ್ತಿದ್ದೇನೆ. ಮನೆ ಮಂತ್ರಿಸಲು ಹೋಗಿದ್ದಾಗ ಒಬ್ಬ ತಾಯಿ, ದೇವರ ಪೀಠದ ಹಿಂದೆ ಇಟ್ಟಿದ್ದ ಕಬ್ಬಿಣಾಂಶದ ಮಾತ್ರೆಗಳನ್ನು ತೋರಿಸಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಮೂರು ತಿಂಗಳ ಮಾತ್ರೆ. ಒಂದೂ ಮುಟ್ಟಿರಲಿಲ್ಲ. "ರಕ್ತ ಹೆಚ್ಚಾದರೆ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ಶುಗರ್ ಬರುತ್ತದೆ ಎಂದು ಪಕ್ಕದ ಮನೆಯ ಅಕ್ಕ ಹೇಳಿದರು ಫಾದರ್. ನಮ್ಮಮ್ಮನಿಗೂ ಇತ್ತು, ಅತ್ತೆಗೂ ಇದೆ. ನನಗೆ ಬಂದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದರು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಹೆಣ್ಣುಮಗಳು. ಮಕ್ಕಳ ಮೇಲಿನ ಪ್ರೀತಿಯಿಂದಲೇ ಆಕೆ ತನ್ನ ಮದ್ದನ್ನು ಬಿಟ್ಟಿದ್ದಳು.

ತಾಯಂದಿರೇ, ದಯವಿಟ್ಟು ಕೇಳಿ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 53 ಮಂದಿಗೆ ರಕ್ತಹೀನತೆ ಇದೆ. ಅಂದರೆ ಪೂಜೆಗೆ ಬಂದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತೊಂದರೆ ರಕ್ತ ಕಡಿಮೆ ಇರುವುದು. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆ ಕೊರತೆಯನ್ನು ತುಂಬುತ್ತದೆ. ಬತ್ತಿದ ಬಾವಿಗೆ ನೀರು ಬಂದರೆ ಅದು ಪ್ರವಾಹವಲ್ಲ. ಆ ಮಾತ್ರೆಯನ್ನು ನಿಲ್ಲಿಸಬೇಡಿ. ಕೊರತೆ ಇಲ್ಲದವರು ಶಕ್ತಿ ಬರಲೆಂದು ತಾವಾಗಿಯೇ ಅದನ್ನು ನುಂಗುವುದೂ ಬೇಡ. ಇನ್ನೊಂದು ವಿಷಯ: ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯು ಕಬ್ಬಿಣಾಂಶದ ಕೊರತೆ ಇದ್ದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ರಕ್ತಹೀನತೆ ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಎರಡನೆಯ ತಪ್ಪು ದಾರಿ, ಔಷಧಿ ಅಂಗಡಿಗೆ ಹೋಗಿ "ರಕ್ತ ತೆಳುವಾಗುವ ಮಾತ್ರೆ ಕೊಡಿ" ಎನ್ನುವುದು. ಆಸ್ಪಿರಿನ್ ಮಾತ್ರೆಗೆ ಆ ಹೆಸರು ಹೇಗೋ ಅಂಟಿಕೊಂಡಿದೆ. ನಿಜವಾಗಿ ಅದು ರಕ್ತದ ಮಂದತೆಯನ್ನು ಕಡಿಮೆ ಮಾಡುವುದಿಲ್ಲ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತದೆ, ಅಷ್ಟೇ. ಮಂದವಾಗುವುದು ಬೇರೆ, ಹೆಪ್ಪುಗಟ್ಟುವುದು ಬೇರೆ. ಸಕ್ಕರೆ ಕಾಯಿಲೆ ಇದ್ದು ಹೃದಯದ ತೊಂದರೆ ಇಲ್ಲದ 15,480 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2018ರಲ್ಲಿ ಹೊರಬಂತು. ಆಸ್ಪಿರಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗಳು ತುಸು ಕಡಿಮೆಯಾದವು, ಆದರೆ ಗಂಭೀರ ರಕ್ತಸ್ರಾವ ಹೆಚ್ಚಾಯಿತು. ಲಾಭವೂ ನಷ್ಟವೂ ಹೆಚ್ಚುಕಡಿಮೆ ಸರಿಹೋದವು. ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ವೈದ್ಯರು ಆಸ್ಪಿರಿನ್ ಬರೆದಿದ್ದರೆ ಅದನ್ನು ಖಂಡಿತ ಬಿಡಬಾರದು. ಬರೆದುಕೊಡದಿದ್ದವರು ಖಂಡಿತ ಶುರುಮಾಡಬಾರದು.

ಮೂರನೆಯದು, ನೀರು ಕುಡಿದೇ ಎಲ್ಲವನ್ನೂ ಗೆಲ್ಲುತ್ತೇನೆಂಬ ನಂಬಿಕೆ. ಬಾಯಾರಿದಾಗ ನೀರು ಕುಡಿಯುವುದು ಒಳ್ಳೆಯದು. ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರಿಗೆ, ಆರೋಗ್ಯಮಾತೆಯ ಹಬ್ಬಕ್ಕೆಂದು ವೇಲಾಂಕಣಿಗೆ ಕಾಲ್ನಡಿಗೆಯಲ್ಲಿ ಹೋಗುವವರಿಗೆ ಅದು ಅತ್ಯಗತ್ಯ. ದೇಹದ ನೀರು ಬತ್ತಿದರೆ ರಕ್ತ ಮಂದವಾಗುವುದು ನಿಜ. ಆದರೆ ಬೆಳಿಗ್ಗೆ ಎದ್ದು ಎರಡು ಲೀಟರ್ ನೀರು ಕುಡಿದು, ಆಮೇಲೆ ಇಡೀ ದಿನ ಕುಳಿತು ಬೋಂಡ ಬಜ್ಜಿ ತಿಂದರೆ ಸಕ್ಕರೆ ಕಾಯಿಲೆ ಹೆದರಿ ಓಡುವುದಿಲ್ಲ. ಮೂತ್ರಪಿಂಡ ಅಥವಾ ಹೃದಯ ದುರ್ಬಲವಾಗಿರುವವರಿಗೆ ಅತಿಯಾದ ನೀರೇ ಅಪಾಯ.

ನಮ್ಮ ಜಿಲ್ಲೆಯ ಸ್ಥಿತಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ 2008ರಿಂದ 2020ರವರೆಗೆ ದೇಶದಾದ್ಯಂತ ನಡೆಸಿದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು ಅದು ಅಂದಾಜು ಮಾಡಿತು. ತಮಿಳುನಾಡಿನಲ್ಲಿ ದೊಡ್ಡವರ ಪೈಕಿ ನೂರಕ್ಕೆ 14.4 ಮಂದಿಗೆ ಈ ಕಾಯಿಲೆ. ಏಳು ಜನರಲ್ಲಿ ಒಬ್ಬರು! ಭಾನುವಾರ ನಾವು ಕೂರುವ ಒಂದೊಂದು ಬೆಂಚಿಗೂ ಒಬ್ಬರು ಎಂದುಕೊಳ್ಳಿ.

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಇಷ್ಟಿರಲಿಲ್ಲವಲ್ಲ, ಏಕೆ? ಈ ಸೀಮೆಯ ಬದುಕನ್ನೇ ನೋಡಿ. ರಾಗಿ ಹೊಲದಲ್ಲಿ ಬಗ್ಗಿ ದುಡಿದವರ ಮಕ್ಕಳು ಇಂದು ಸಿಪ್ಕಾಟ್ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುತ್ತಾರೆ. ರಾತ್ರಿ ಪಾಳಿಯಲ್ಲಿ ನಿದ್ದೆ ಕೆಡುತ್ತದೆ, ಊಟದ ಹೊತ್ತು ತಪ್ಪುತ್ತದೆ. ಇನ್ನು ಕೆಲವರು ಬೆಳಿಗ್ಗೆ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಕುರ್ಚಿಯಲ್ಲಿ ಕುಳಿತು, ರಾತ್ರಿ ಬರುತ್ತಾರೆ. 2011ರ ಜೂನ್‌ನಿಂದ ನಮ್ಮ ರಾಜ್ಯದ ರೇಷನ್ ಅಂಗಡಿಗಳಲ್ಲಿ ಅಕ್ಕಿ ಉಚಿತವಾಯಿತು. ಹಸಿವು ನೀಗಿಸಿದ ದೊಡ್ಡ ಉಪಕಾರವದು. ಆದರೆ ಮುದ್ದೆಯ ತಟ್ಟೆಯಲ್ಲಿ ಮೂರು ಹೊತ್ತೂ ಅನ್ನ ಬಂದು ಕುಳಿತದ್ದೂ ನಿಜ.

ಸರ್ಕಾರವೂ ಈ ಅಪಾಯವನ್ನು ಗುರುತಿಸಿದೆ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರನ್ನು ಮನೆ ಬಾಗಿಲಲ್ಲೇ ಪರೀಕ್ಷಿಸಿ ಔಷಧಿ ತಲುಪಿಸುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಗ್ರಾಮದಲ್ಲಿಯೇ. ಜನರನ್ನು ಹುಡುಕಿಕೊಂಡು ವೈದ್ಯಸೇವೆ ಬರುತ್ತದೆ ಎಂದು ಅದರ ಹೆಸರಿನ ಅರ್ಥ. ಆರೋಗ್ಯ ಕಾರ್ಯಕರ್ತೆ ಬಾಗಿಲು ತಟ್ಟಿದಾಗ "ನಮಗೇನೂ ಇಲ್ಲಮ್ಮ, ಮುಂದಿನ ಮನೆಗೆ ಹೋಗಿ" ಎಂದು ಕಳುಹಿಸಬೇಡಿ.

ಮನೆಯಲ್ಲೇ ಹಾಕಬಹುದಾದ ಲೆಕ್ಕ

ರಕ್ತದ ಮಂದತೆ ಎಷ್ಟೆಂದು ಚಿಂತಿಸುವ ಬದಲು, ಒಂದು ಟೇಪು ಹಿಡಿದು ಈ ಲೆಕ್ಕ ಹಾಕಿ. ಮೇಲೆ ಹೇಳಿದ ಚೆನ್ನೈನ ಸಂಸ್ಥೆಯೇ 2005ರಲ್ಲಿ ಭಾರತೀಯರಿಗಾಗಿ ಇದನ್ನು ಸಿದ್ಧಪಡಿಸಿತು. ಸೂಜಿ ಬೇಡ, ಖರ್ಚಿಲ್ಲ.

ವಯಸ್ಸು: 35ರ ಒಳಗಿದ್ದರೆ ಸೊನ್ನೆ, 35ರಿಂದ 49 ಆದರೆ 20, 50 ಮತ್ತು ಮೇಲ್ಪಟ್ಟರೆ 30 ಅಂಕ.

ಸೊಂಟದ ಸುತ್ತಳತೆ: ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಒಳಗಿದ್ದರೆ ಸೊನ್ನೆ. ಹೆಂಗಸರಿಗೆ 80ರಿಂದ 89, ಗಂಡಸರಿಗೆ 90ರಿಂದ 99 ಇದ್ದರೆ 10. ಅದಕ್ಕೂ ಮೇಲಿದ್ದರೆ 20.

ಶ್ರಮ: ನಿಯಮಿತ ವ್ಯಾಯಾಮವೂ ಮೈಮುರಿಯುವ ಕೆಲಸವೂ ಎರಡೂ ಇದ್ದರೆ ಸೊನ್ನೆ, ಒಂದು ಮಾತ್ರ ಇದ್ದರೆ 20, ಎರಡೂ ಇಲ್ಲದಿದ್ದರೆ 30.

ಮನೆತನ: ತಂದೆ ತಾಯಿ ಇಬ್ಬರಿಗೂ ಕಾಯಿಲೆ ಇಲ್ಲದಿದ್ದರೆ ಸೊನ್ನೆ, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20.

ಎಲ್ಲವನ್ನೂ ಕೂಡಿಸಿ. 30ಕ್ಕಿಂತ ಕಡಿಮೆಯಾದರೆ ಅಪಾಯ ಕಡಿಮೆ. 60 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ ಅಧಿಕ, ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಒಂದು ಉದಾಹರಣೆ: 42 ವರ್ಷದ ಗೃಹಿಣಿ, ಸೊಂಟ 84 ಸೆಂಟಿಮೀಟರ್, ವ್ಯಾಯಾಮವಿಲ್ಲ, ಶ್ರಮದ ಕೆಲಸವಿಲ್ಲ, ತಾಯಿಗೆ ಶುಗರ್ ಇತ್ತು. 20, 10, 30, 10 ಸೇರಿ 70 ಅಂಕ. ನೋಡಲು ದಪ್ಪಗಿಲ್ಲ, ನೋವಿಲ್ಲ, ಆದರೂ ಈಕೆ ಪರೀಕ್ಷೆ ಮಾಡಿಸಲೇಬೇಕು.

ಬರೀ ಹೊಟ್ಟೆಯಲ್ಲಿ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಹೊಸ್ತಿಲು. 126 ಅಥವಾ ಹೆಚ್ಚಿದ್ದರೆ ಕಾಯಿಲೆ, ಆದರೆ ಬೇರೆ ಲಕ್ಷಣಗಳಿಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆಗೆ ಹಣ ಕೊಡಬೇಕಿಲ್ಲ.

ಹೊಸ್ತಿಲಿನಿಂದ ಹಿಂದಿರುಗಬಹುದು

ಹೊಸ್ತಿಲಲ್ಲಿ ನಿಂತವರು ಒಳಗೆ ಹೋಗಲೇಬೇಕೆಂದಿಲ್ಲ. ಇದು ಬರಿಯ ಸಮಾಧಾನದ ಮಾತಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥ 531 ಮಂದಿಯನ್ನು ಆರಿಸಿ ಮೂರು ವರ್ಷದ ಪ್ರಯೋಗ ನಡೆಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಮಾರ್ಗದರ್ಶನವಿಲ್ಲದವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟದಲ್ಲಿ ಹಿತಮಿತ, ದಿನಕ್ಕೆ ಅರ್ಧ ಗಂಟೆ ನಡಿಗೆ, ಇಷ್ಟನ್ನು ಪಾಲಿಸಿದವರಲ್ಲಿ ಅದು ಸುಮಾರು 39ಕ್ಕೆ ಇಳಿಯಿತು. ಮಾತ್ರೆ ಕೊಟ್ಟ ಗುಂಪಿನಲ್ಲಿ ಸಿಕ್ಕ ಲಾಭವೂ ಹೆಚ್ಚುಕಡಿಮೆ ಅಷ್ಟೇ. ಅಮೆರಿಕದವರ ಮಾತು ಬಿಡಿ, ನಮ್ಮಂತೆ ಅನ್ನ ಸಾರು ಉಣ್ಣುವ ಜನರಲ್ಲಿ ಕಂಡ ಸತ್ಯವಿದು.

ನಡಿಗೆಯು ರಕ್ತದ ಹರಿವಿಗೂ ಸಕ್ಕರೆಗೂ ಒಂದೇ ಮದ್ದು. ಮಾಂಸಖಂಡ ದುಡಿದಾಗ ಅದರ ಸಣ್ಣ ನಾಳಗಳು ತೆರೆದುಕೊಳ್ಳುತ್ತವೆ, ಇನ್ಸುಲಿನ್ ಹೆಚ್ಚು ಬೇಡದೆಯೇ ಅದು ಸಕ್ಕರೆಯನ್ನು ಹೀರುತ್ತದೆ. ದೇವಾಲಯಕ್ಕೆ ಒಂದು ಕಿಲೋಮೀಟರಿದ್ದರೂ ಮೋಟಾರ್ ಸೈಕಲ್ ಹತ್ತುವ ನಮ್ಮ ಯುವಕರು ಇದನ್ನು ಯೋಚಿಸಲಿ. ಸಂಜೆ ಜಪಸರ ಹಿಡಿದು ನಡೆಯುತ್ತಾ ಪ್ರಾರ್ಥಿಸಬಾರದೇ?

ಬೀಡಿ ಸಿಗರೇಟು ಬಿಡಿ. ಹೊಗೆಯಲ್ಲಿರುವ ವಿಷಾನಿಲವು ಕೆಂಪು ಕಣಗಳನ್ನು ಕಟ್ಟಿಹಾಕುತ್ತದೆ. ಪ್ರಾಣವಾಯು ಸಾಲದೆಂದು ದೇಹ ಇನ್ನಷ್ಟು ಕಣಗಳನ್ನು ತಯಾರಿಸುತ್ತದೆ. ರಕ್ತ ಮಂದವಾಗುವ ನೇರವಾದ ದಾರಿಯಿದು. ಮದ್ಯದ ವಿಷಯಕ್ಕೆ ಬಂದರೆ, ತಿಮೊಥೇಯನಿಗೆ ಸಂತ ಪೌಲರು ಹೊಟ್ಟೆನೋವಿಗೆಂದು ಸ್ವಲ್ಪ ದ್ರಾಕ್ಷಾರಸ ಹೇಳಿದ್ದನ್ನು ಕೆಲವರು ಬಾಯಿಪಾಠ ಮಾಡಿಕೊಂಡಿದ್ದಾರೆ! ಪೌಲರು ಟಾಸ್ಮಾಕ್ ಅಂಗಡಿಗೆ ದಾರಿ ತೋರಿಸಲಿಲ್ಲ.

ಊಟದ ಬಗ್ಗೆ ನಮ್ಮಲ್ಲಿ "ರಾಗಿ ತಿಂದವ ನಿರೋಗಿ" ಎಂಬ ಗಾದೆಯಿದೆ. ರಾಗಿಯಲ್ಲಿ ನಾರಿನಂಶವೂ ಸುಣ್ಣದಂಶವೂ ಹೇರಳ. ಹಾಗೆಂದು ಅದರಲ್ಲಿ ಪಿಷ್ಟವಿಲ್ಲವೆಂದಲ್ಲ, ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. ಎರಡು ದೊಡ್ಡ ಮುದ್ದೆಯ ಬದಲು ಒಂದು ಚಿಕ್ಕ ಮುದ್ದೆ, ಜೊತೆಗೆ ತಟ್ಟೆ ತುಂಬ ಸೊಪ್ಪಿನ ಸಾರು, ಹುರುಳಿ ಅಥವಾ ಅವರೆಕಾಳು ಇರಲಿ. ಸಕ್ಕರೆ ಬೆರೆಸಿದ ರಾಗಿ ಮಾಲ್ಟ್ ಮದ್ದಲ್ಲ. ನಮ್ಮ ಕೃಷ್ಣಗಿರಿಯ ಮಾವು ದೇವರ ಕೊಡುಗೆ, ಒಂದೆರಡು ಹೋಳು ಸವಿಯಿರಿ, ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂರಬೇಡಿ.

ತಪಸ್ಸುಕಾಲಕ್ಕೆ ಸೇರಿದ ಒಂದು ಮಾತು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟು ಉಪವಾಸ ಮಾಡಬಾರದು. ಸಕ್ಕರೆ ಹಠಾತ್ತನೆ ಇಳಿದು ಪ್ರಜ್ಞೆ ತಪ್ಪಬಹುದು. ಕಾಯಿಲೆಯವರಿಗೆ ಉಪವಾಸದ ಕಟ್ಟಳೆ ಅನ್ವಯಿಸುವುದಿಲ್ಲ. ಅವರು ಟಿ.ವಿ. ಧಾರಾವಾಹಿಯನ್ನೋ, ಚಾಡಿ ಮಾತನ್ನೋ ಬಿಟ್ಟು ತಪಸ್ಸು ಮಾಡಲಿ. ದೇವರಿಗೆ ಅದೂ ಮೆಚ್ಚುಗೆಯೇ.

ನಂಬಿಕೆ ಮತ್ತು ಮದ್ದು

"ಪ್ರಾರ್ಥನೆ ಮಾಡುತ್ತೇನೆ ಫಾದರ್, ಪರೀಕ್ಷೆ ಬೇಡ" ಎನ್ನುವವರೂ ಇದ್ದಾರೆ. ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದೆ ಎಂದುಬಿಡುತ್ತಾರೆಂಬ ಭಯ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಒಮ್ಮೆ ಮನೆಯಲ್ಲಿ ಒಟ್ಟಿಗೆ ಓದಿ. ವೈದ್ಯನನ್ನು ಗೌರವಿಸಬೇಕು, ಅವನೂ ದೇವರ ಸೃಷ್ಟಿ, ಭೂಮಿಯಿಂದ ಮದ್ದನ್ನು ಹುಟ್ಟಿಸಿದವರು ದೇವರೇ ಎಂದು ಅಲ್ಲಿ ವಿವರಿಸಲಾಗಿದೆ. ಅದೇ ಅಧ್ಯಾಯದಲ್ಲಿ ಪ್ರಾರ್ಥನೆಯೂ ಇದೆ, ವೈದ್ಯನಿಗೆ ಜಾಗವೂ ಇದೆ. ಒಂದು ಇನ್ನೊಂದನ್ನು ಹೊರಗೆ ತಳ್ಳುವುದಿಲ್ಲ.

ಮಾರ್ಕನ ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಪ್ರಸಂಗ ನಿಮಗೆಲ್ಲ ಗೊತ್ತು. ಆಕೆ ಗುಂಪಿನಲ್ಲಿ ಹಿಂದಿನಿಂದ ಬಂದು, ಯಾರಿಗೂ ತಿಳಿಯದಂತೆ ಪ್ರಭುವಿನ ಉಡುಪನ್ನು ಮುಟ್ಟಿದಳು. ಪ್ರಭು ಯೇಸು ಆಕೆಯನ್ನು ಗುಂಪಿನಲ್ಲಿ ಮರೆಯಾಗಲು ಬಿಡಲಿಲ್ಲ. ಎಲ್ಲರ ಮುಂದೆ ಮಗಳೇ ಎಂದು ಕರೆದರು. ನಮ್ಮ ಮನೆಗಳಲ್ಲಿಯೂ ತಮ್ಮ ಕಾಯಿಲೆಯನ್ನು ಎಲ್ಲರ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿರುವ ತಾಯಂದಿರಿದ್ದಾರೆ. ಗಂಡನ ಮಾತ್ರೆ, ಅತ್ತೆಯ ಮಾತ್ರೆ, ಮಕ್ಕಳ ಊಟ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಆಕೆಯ ರಕ್ತ ಪರೀಕ್ಷೆ ಮಾತ್ರ "ಬರುವ ತಿಂಗಳು" ಎಂದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಗಂಡಂದಿರೇ, ದೊಡ್ಡ ಮಕ್ಕಳೇ, ಆಕೆಯನ್ನು ಕರೆಯಬೇಕಾದವರು ನೀವು.

ಈ ತಿಂಗಳು ಪ್ರತಿ ಕುಟುಂಬವೂ ಒಂದು ಕೆಲಸ ಮಾಡಲಿ. ಒಂದು ಸಂಜೆ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಹೊಲಿಗೆಯ ಟೇಪು ತೆಗೆದು, ದೊಡ್ಡವರೆಲ್ಲ ತಮ್ಮ ಅಂಕಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಮೊದಲು ಮನೆಯ ತಾಯಿಯ ಹೆಸರು ಬರೆಯಿರಿ. ಯಾರಿಗೆ 60 ದಾಟಿದೆಯೋ ಅವರನ್ನು ಮನೆಯವರೇ ಜೊತೆಯಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ.

ಆರೋಗ್ಯಮಾತೆಯ ಬಿನ್ನಹದ ಮೂಲಕ ಪ್ರಭು ನಿಮ್ಮ ಕುಟುಂಬಗಳನ್ನು ಹರಸಿ ಕಾಪಾಡಲಿ.